ಹತ್ತು ಪಾಂಡವರ ಎಳ್ಳಮವಾಸ್ಯೆ

ಹೋದ ವಾರ ಜಂಪರಿನ ಬಟ್ಟೆ ಕೊಡಲು ಅಂಗಡಿಗೆ ಬಂದ ಹೆಣ್ಣುಮಗಳೊಬ್ಬರು ಕೈಯಲ್ಲಿದ್ದ ಸ್ಟೀಲಿನ ಡಬ್ಬಿಯನ್ನು ನನ್ನ ಮಷೀನಿನ ಪಕ್ಕದಲ್ಲಿ ಇಟ್ಟರು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಅಳತೆ ಬರೆದುಕೊಳ್ಳುತ್ತಿದ್ದ ನನ್ನ ಮೂಗಿಗೆ ಹಸಿ ಕಡಲೆ, ಅವರೆಕಾಳು, ಮೆಂತ್ಯದ ಸೊಪ್ಪು, ಹುಣಸೆ, ಬೆಳ್ಳುಳ್ಳಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಕುದ್ದ ವಾಸನೆ ಬಂದು ಬಡಿಯಿತು. ಭಜ್ಜಿ! ಸೊಂಟದ ಅಳತೆಯನ್ನು ಕೊರಳಿನ ಎದುರಿಗೆ ಬರೆದುಬಿಟ್ಟೆ.

'ಏನ್ರಿ ಟೇಲರ್, ಇಷ್ಟು ದೊಡ್ಡ ಕೊರಳು ನಮ್ಮ ಎಮ್ಮಿಗೂ ಇಲ್ಲಲ್ರಿ' ಎಂದು ಆಕೆ ನಕ್ಕರು.

ದಕ್ಷಿಣದ ಕಡೆಯವರು ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಎಂದುಕೊಳ್ಳುತ್ತಾರೆ. ನಮ್ಮ ಸುರಪುರ, ಶಹಾಪುರ, ಯಾದಗಿರಿಯ ಕಡೆ ಅದು ಎಳ್ಳಮವಾಸ್ಯೆಯ ಪಲ್ಯ. ಆ ಹೊತ್ತಿಗೆ ಹೊಲದಲ್ಲಿ ಏನೇನು ಹಸಿರಾಗಿ ಸಿಗುತ್ತದೋ ಅದೆಲ್ಲ ಅದರೊಳಗೆ ಬೀಳುತ್ತದೆ. ಆ ವಾಸನೆ ಬಂತೆಂದರೆ ನನಗೆ ಮದುವೆಯಾದ ವರ್ಷದ ಎಳ್ಳಮವಾಸ್ಯೆ ನೆನಪಾಗುತ್ತದೆ. ಜೊತೆಗೆ ಹೊಟ್ಟೆ ಸ್ವಲ್ಪ ಭಾರವೂ ಆಗುತ್ತದೆ.

ನಮ್ಮದು ಸುರಪುರದ ಬೇಡರ ಮನೆತನ. ತಾತನ ಕಾಲದಲ್ಲೇ ಹೊಲ ಹೋಗಿ ಮನೆಗೆ ಹೊಲಿಗೆ ಬಂತು. ಹಾಗಾಗಿ ಎಳ್ಳಮವಾಸ್ಯೆ ಎಂದರೆ ನನಗೆ ಯಾರಾದರೂ ಕರೆದು ಬಡಿಸಿದ ಊಟ, ಅಷ್ಟೇ. ಹೆಂಡತಿ ರೇಣುಕಾ ಹಾಗಲ್ಲ. ಹುಣಸಗಿಯಿಂದ ಕೊಡೇಕಲ್ಲಿಗೆ ಹೋಗುವ ಹಾದಿಯ ಒಂದು ಹಳ್ಳಿಯವಳು. ಎರೆಭೂಮಿಯಲ್ಲಿ ಹುಟ್ಟಿ, ಜೋಳದ ದಂಟಿನ ನಡುವೆ ಆಡಿ ಬೆಳೆದವಳು. ಅವಳಿಗೆ ಇಬ್ಬರು ಅಣ್ಣಂದಿರು, ದೊಡ್ಡವನು ಭೀಮಣ್ಣ, ಸಣ್ಣವನು ನಿಂಗಪ್ಪ. ತಾಯಿ ದ್ಯಾವಮ್ಮ, ಅಂದರೆ ನನ್ನ ಅತ್ತೆ.

ಆ ವರ್ಷ ಚಳಿ ಚೆನ್ನಾಗಿ ಬಿದ್ದಿತ್ತು. ಒಂದು ಬೆಳಗ್ಗೆ ಅತ್ತೆ ಫೋನ್ ಮಾಡಿದರು.

'ಅಳಿಯಂದ್ರ, ಅಮಾಸಿಗೆ ಮಗಳನ್ನ ಕರಕೊಂಡು ಬರ್ರಿ. ಮದಿವಿಯಾದ ಮ್ಯಾಲ ಮೊದಲನೇ ಚರಗ, ಹೊಲಕ್ಕ ಎಡಿ ಚೆಲ್ಲೂವಾಗ ನೀವು ಇರಬೇಕು. ಮತ್ತ ಇನ್ನೊಂದು ಮಾತದ. ಅಣ್ಣತಮ್ಮ ಇಬ್ಬರೂ ಈ ವರ್ಷ ಬ್ಯಾರಿ ಬ್ಯಾರಿ ಚರಗ ಚೆಲ್ತಾರಂತ. ನನ್ನ ಕಣ್ಣಿಂದ ಅದನ್ನ ನೋಡೂದು ಆಗಂಗಿಲ್ಲ. ಹಂಗೇನರ ಆತಂದ್ರ ಗಂಟು ಕಟಗೊಂಡು ನಿಮ್ಮ ಜೋಡಿ ಸುರಪುರಕ್ಕ ಬಂದುಬಿಡ್ತೀನಿ. ಕಡೀತನಾ ಅಲ್ಲೇ ಇರ್ತೀನಿ.'

ಅತ್ತೆಯ ಮೇಲೆ ನನಗೆ ಗೌರವವಿತ್ತು, ಈಗಲೂ ಇದೆ. ಆದರೆ ನಮ್ಮದು ಅಂಗಡಿಯ ಹಿಂದಿನ ಒಂದೂವರೆ ಕೋಣೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅರ್ಧ ಕೋಣೆಯಲ್ಲಿ ಒಲೆ, ಇನ್ನೊಂದರಲ್ಲಿ ನಾವು. ಫೋನ್ ಇಟ್ಟು ರೇಣುಕಾಳ ಮುಖ ನೋಡಿದೆ.

'ಅವ್ವ ಅಂದ್ರ ಅಂದಂಗ ಮಾಡ್ತಾಳ' ಎಂದಳು ಅವಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. 'ಅಣ್ಣಗೋಳನ್ನ ಕೂಡಸ್ರಿ. ಇಲ್ಲಂದ್ರ ಮಷೀನ್ ಹೊರಗ ಇಡ್ರಿ.'

ಅಣ್ಣತಮ್ಮಂದಿರ ಜಗಳ ನನಗೆ ಅಷ್ಟಿಷ್ಟು ಗೊತ್ತಿತ್ತು. ನಾರಾಯಣಪುರದ ಕಾಲುವೆ ನೀರು ಬಂದಮೇಲೆ ನಿಂಗಪ್ಪನಿಗೆ ಮೆಣಸಿನಕಾಯಿ ಹಾಕುವ ಆಸೆ ಹತ್ತಿತ್ತು. ಬಿಳಿಜೋಳ ಇಲ್ಲದ ಹೊಲವನ್ನು ಹೊಲ ಅಂತ ಯಾರು ಕರೆಯುತ್ತಾರೆ ಎಂಬುದು ಭೀಮಣ್ಣನ ವಾದ. ಮಾತಿಗೆ ಮಾತು ಬೆಳೆದು, ಮುಂಗಾರಿನ ಮೊದಲೇ ಹೊಲ ಎರಡು ಪಾಲಾಯಿತು. ನಡುವೆ ಮುಳ್ಳುತಂತಿಯ ಬೇಲಿ ಬಿತ್ತು. ಅಂದಿನಿಂದ ಇಬ್ಬರೂ ಒಬ್ಬರ ಜೊತೆ ಒಬ್ಬರು ಒಂದು ಮಾತೂ ಆಡಿರಲಿಲ್ಲ.

ಹಬ್ಬದ ದಿನ ಬೆಳಗ್ಗೆ ಹುಣಸಗಿಯಲ್ಲಿ ಬಸ್ಸು ಇಳಿದೆವು. ನಾನು ಹೊಸ ಬೂದು ಬಣ್ಣದ ಪ್ಯಾಂಟು ಹಾಕಿದ್ದೆ. ನಾನೇ ಹೊಲಿದದ್ದು. ಅತ್ತೆ ಮನೆಯ ಕಡೆ ನಾಲ್ಕು ಜನ ನೋಡಿದರೆ ಗಿರಾಕಿಗಳೂ ಸಿಕ್ಕಾರು ಎಂಬ ಲೆಕ್ಕ ಮನಸ್ಸಿನಲ್ಲಿತ್ತು. ನಿಲ್ದಾಣದ ಹೊರಗೆ ಈ ಕಡೆ ಭೀಮಣ್ಣ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿದ ಬಂಡಿ ನಿಲ್ಲಿಸಿಕೊಂಡಿದ್ದ. ಆ ಕಡೆ ನಿಂಗಪ್ಪ ಯಾರದೋ ಟ್ರ್ಯಾಕ್ಟರ್ ತಂದು ಅದಕ್ಕೆ ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಂತಿದ್ದ.

'ಬರ್ರಿ ಮಾಮಾ' ಎಂದರು ಇಬ್ಬರೂ, ಒಟ್ಟಿಗೆ.

ನಾನು ನಡುವೆ ನಿಂತೆ. ಒಂದು ಕಡೆ ಹೆಜ್ಜೆ ಇಟ್ಟರೆ ಇನ್ನೊಂದು ಕಡೆಯ ಮುಖ ಇಳಿಯುತ್ತಿತ್ತು. ಕೊನೆಗೆ ರೇಣುಕಾ ನನ್ನನ್ನು ಟ್ರ್ಯಾಕ್ಟರಿನ ಕಡೆಗೆ ತಳ್ಳಿ ತಾನು ಬಂಡಿ ಹತ್ತಿದಳು. ಹಾಗಾಗಿ ಮದುವೆಯ ನಂತರದ ಮೊದಲ ಹಬ್ಬಕ್ಕೆ ಗಂಡಹೆಂಡತಿ ಬೇರೆ ಬೇರೆ ವಾಹನಗಳಲ್ಲಿ ಹೊರಟೆವು. ನಿಂಗಪ್ಪ ಬಂಡಿಗಿಂತ ಮುಂದೆ ಹೋಗಬೇಕೆಂದು ಓಡಿಸಿದ. ಮಡ್ಗಾರ್ಡಿನ ಮೇಲೆ ಕೂತ ನನ್ನ ಹಲ್ಲುಗಳು ಹಳ್ಳಿ ಬರುವವರೆಗೆ ಒಂದಕ್ಕೊಂದು ಮಾತಾಡಿಕೊಂಡವು.

ಹೊಲ ನೋಡಿದ ಮೇಲೆ ಮಾತ್ರ ಆ ಕುಲುಕಾಟವೆಲ್ಲ ಮರೆತುಹೋಯಿತು. ಭೀಮಣ್ಣನ ಕಡೆ ಬಿಳಿಜೋಳ ಆಳೆತ್ತರ ಬೆಳೆದು ತೆನೆ ಕಟ್ಟುತ್ತಿತ್ತು. ಅದರ ಸಾಲುಗಳ ನಡುವೆ ಕುಸುಬೆಯ ಹಳದಿ ಹೂವು, ಬದುವಿನ ಪಕ್ಕ ಕಡಲೆಯ ಹಸಿರು. ನಿಂಗಪ್ಪನ ಕಡೆ ಸೊಂಟದೆತ್ತರದ ಮೆಣಸಿನ ಗಿಡಗಳಲ್ಲಿ ಅರ್ಧ ಕೆಂಪು, ಅರ್ಧ ಹಸಿರು. ಅತ್ತಿತ್ತ ಎಲ್ಲ ಹೊಲಗಳಲ್ಲೂ ಜನ. ಮಕ್ಕಳು, ಮುದುಕರು, ಹೊಸ ಸೀರೆಗಳು, ಬುಟ್ಟಿಗಳು. ಬೆಳೆ ಹೊತ್ತು ನಿಂತ ಭೂಮಿ ಈಗ ಬಸುರಿ ಹೆಂಗಸು ಎಂದು ನಮ್ಮವರ ನಂಬಿಕೆ. ಬಸುರಿಗೆ ಬಯಕೆಯ ಊಟ ಹಾಕುವ ಹಾಗೆ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಮೊದಲು ಹೊಲಕ್ಕೆ ಚೆಲ್ಲುತ್ತಾರೆ. ಅದೇ ಚರಗ. ಆಕೆ ಉಂಡಮೇಲೆ ನಮ್ಮ ಊಟ. ಎಲ್ಲರ ಮನೆಯಲ್ಲೂ ಕ್ರಮ ಇದೇ. ನನ್ನ ಅತ್ತೆಯ ಮನೆಯಲ್ಲಿ ಮಾತ್ರ ಆ ವರ್ಷ ಅದು ತಲೆಕೆಳಗಾಯಿತು.

ಏಕೆಂದರೆ ಚರಗಕ್ಕೂ ಮೊದಲು ಪಾಂಡವರ ಪೂಜೆ ಆಗಬೇಕು. ಬನ್ನಿ ಗಿಡದ ಕೆಳಗೆ ಸಾಲಾಗಿ ಐದು ಕಲ್ಲು ನಿಲ್ಲಿಸಿ, ಸುಣ್ಣ ಬಳಿದು, ಕುಂಕುಮ ಹಚ್ಚಿ, ಎಡೆ ಇಡುತ್ತಾರೆ. ಅತ್ತೆಯ ಮಾವನ ಕಾಲದಿಂದ ಆ ಐದು ಕಲ್ಲು ಅಲ್ಲೇ ಇದ್ದವು. ಅಳೆಯಲು ಬಂದವನು ಎಳೆದ ಗೆರೆ ಮಾತ್ರ ಮೂರನೆಯ ಕಲ್ಲಿಗೂ ನಾಲ್ಕನೆಯ ಕಲ್ಲಿಗೂ ನಡುವೆ ಹಾದುಹೋಗಿತ್ತು. ಧರ್ಮ, ಭೀಮ, ಅರ್ಜುನ ಭೀಮಣ್ಣನ ಪಾಲು. ನಕುಲ, ಸಹದೇವ ನಿಂಗಪ್ಪನ ಪಾಲು. ನಡುವೆ ಮುಳ್ಳುತಂತಿ.

ಇಬ್ಬರೂ ಸುಮ್ಮನೆ ಕೂರುವವರಲ್ಲ. ಭೀಮಣ್ಣ ಹಳ್ಳದಿಂದ ಎರಡು ಗುಂಡುಕಲ್ಲು ತಂದು ತನ್ನ ಕಡೆ ಐದು ಮಾಡಿಕೊಂಡಿದ್ದ. ಆ ಹೊಸ ನಕುಲ ಸಹದೇವರು ನಿಲ್ಲಿಸಿದಲ್ಲಿ ನಿಲ್ಲುತ್ತಿರಲಿಲ್ಲ, ಮೇಲಿಂದ ಮೇಲೆ ಉರುಳಿ ಕಡಲೆ ಗಿಡದೊಳಗೆ ಹೋಗುತ್ತಿದ್ದರು. ನಿಂಗಪ್ಪ ಶಹಾಪುರದ ಕಡೆ ಕಲ್ಲು ಕೊಯ್ಯುವಲ್ಲಿ ಉಳಿದ ಪಾಲಿಶ್ ಮಾಡಿದ ತುಂಡುಗಳನ್ನು ಮೂರು ತಂದಿದ್ದ. ಅವು ಲಕಲಕ ಹೊಳೆಯುತ್ತಿದ್ದವು. ಬಳಿದ ಸುಣ್ಣ ಜಾರಿ ಕೆಳಗೆ ಇಳಿಯುತ್ತಿತ್ತು. ಅವನ ಅರ್ಜುನನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಹೀಗೆ ಒಂದೇ ಬನ್ನಿ ಗಿಡದ ಕೆಳಗೆ, ತಂತಿಯ ಅತ್ತಿತ್ತ, ಒಟ್ಟು ಹತ್ತು ಪಾಂಡವರು.

ತಂತಿಯ ಕಂಬದ ಬುಡದಲ್ಲಿ, ಇತ್ತಲೂ ಅಲ್ಲ ಅತ್ತಲೂ ಅಲ್ಲ ಎನ್ನುವ ಜಾಗ ಹುಡುಕಿ, ಅತ್ತೆ ಕೂತಿದ್ದರು. ಪಕ್ಕದಲ್ಲಿ ದೊಡ್ಡದೊಂದು ಗಂಟು. ಗಂಟಿನ ಗಾತ್ರ ನೋಡಿದ ತಕ್ಷಣ ನನಗೆ ನಮ್ಮ ಕೋಣೆ ಕಣ್ಣ ಮುಂದೆ ಬಂತು.

'ಅತ್ತಿ, ಬಿಸಿಲಾಗ ಯಾಕ ಕುಂತೀರಿ, ಬರ್ರಿ' ಎಂದೆ.

'ಎಲ್ಲಿಗೆ ಬರ್ಲಿ ಅಳಿಯಂದ್ರ? ಪಾಂಡವ್ರು ಹತ್ತು ಮಂದಿ ಆಗ್ಯಾರ. ಕುಂತಿ ನಾ ಒಬ್ಬಾಕಿನ ಅದೀನಿ. ಯಾವ ಕಡಿ ಕುಂದ್ರಲಿ, ನೀವೇ ಹೇಳ್ರಿ.'

ಎರಡೂ ಕಡೆ ಪೂಜೆ ಆಯಿತು, ಎರಡೂ ಕಡೆ ಕಾಯಿ ಒಡೆದರು. ಆಮೇಲೆ ಚರಗ ಯಾರು ಮೊದಲು ಚೆಲ್ಲಬೇಕು ಎಂದು ತಗಾದೆ ಎದ್ದಿತು. ಮನೆಗೆ ದೊಡ್ಡವನು ನಾನು ಎಂದು ಭೀಮಣ್ಣ. ಈಗ ಮನೆಯೇ ಎರಡಾಗಿರುವಾಗ ದೊಡ್ಡವನು ಎಲ್ಲಿಂದ ಬಂದ ಎಂದು ನಿಂಗಪ್ಪ. ಇದನ್ನೆಲ್ಲ ಇಬ್ಬರೂ ನನಗೆ ಹೇಳುತ್ತಿದ್ದರು. ನಡುವೆ ಇದ್ದದ್ದು ಬರೀ ನಾಲ್ಕು ಮಾರು.

'ಮಾಮಾ, ಅವಗ ಕೇಳ್ರಿ, ಹಿರ್ಯಾರು ಕಿರ್ಯಾರು ಅನ್ನೋ ಖಬರ್ ಅದನೋ ಇಲ್ಲೋ ಅಂತ.'

ನಾನು ತಿರುಗಿ, 'ನಿಂಗಣ್ಣಾ, ಹಿರಿಯರು ಕಿರಿಯರು...' ಎಂದೆ.

'ಖಬರ್ ಅದ ಅಂತ ಹೇಳ್ರಿ ಮಾಮಾ. ಹಿರ್ಯಾರು ಹಿರ್ಯಾರಂಗ ಇದ್ರ ಅಂತನೂ ಹೇಳ್ರಿ.'

ಮತ್ತೆ ತಿರುಗಿದೆ. 'ಭೀಮಣ್ಣಾ, ಖಬರ್ ಅದ...'

'ಕೇಳಸ್ತು ಬಿಡ್ರಿ. ನನಗೇನು ಕಿವಿ ಇಲ್ಲೇನು?'

ಇದು ಮುಗಿಯುವ ಲಕ್ಷಣ ಕಾಣಲಿಲ್ಲ. ಹೊತ್ತು ಏರಿತ್ತು, ಸುತ್ತಲಿನ ಹೊಲದವರು ಚರಗ ಮುಗಿಸಿ ಉಣ್ಣಲು ಕೂತಿದ್ದರು. ಆಗ ಅತ್ತೆಯ ಸೊಸೆಯಂದಿರಿಬ್ಬರೂ ನನ್ನ ಮೇಲೆ ಕನಿಕರಪಟ್ಟರು. ದೂರದಿಂದ ಬಂದ ಅಳಿಯ ಉಪವಾಸ ಇರಬಾರದು, ಮೊದಲು ಇವರಿಗೆ ಬಡಿಸೋಣ ಎಂದು ಎರಡೂ ಕಡೆ ಎಲೆ ಹಾಸಿದರು. ಭೂಮಿತಾಯಿಗಿಂತ ಮೊದಲು ಉಂಡ ಅಳಿಯ ಆ ವರ್ಷ ಇಡೀ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಭೀಮಣ್ಣನ ಕಡೆ ಕೂತೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಭಜ್ಜಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಶೇಂಗಾ ಹೋಳಿಗೆ. ಹಸಿವಾಗಿತ್ತು, ಹೊಟ್ಟೆ ತುಂಬ ಉಂಡೆ. ಅಲ್ಲೇ ತಪ್ಪಾಯಿತು. ತಂತಿಯ ಆಚೆಯಿಂದ ನಿಂಗಪ್ಪ ನನ್ನ ಎಲೆಯನ್ನೇ ನೋಡುತ್ತಿದ್ದ.

'ಅಲ್ಲಿ ಮೂರು ಕಡಬು ತಿಂದೀರಿ ಮಾಮಾ. ನಮ್ಮಲ್ಲಿ ಒಂದರ ಹೆಚ್ಚಿಗೆ ತಿನ್ನಬೇಕು' ಎಂದ.

ತಂತಿಯ ಕೆಳಗಿನ ಎಳೆಯನ್ನು ರೇಣುಕಾ ಮೇಲೆತ್ತಿ ಹಿಡಿದಳು. ತುಂಬಿದ ಹೊಟ್ಟೆಯಲ್ಲಿ ಬಗ್ಗುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಅರ್ಧ ಆಚೆ ಹೋಗಿದ್ದೆ, ಅಷ್ಟರಲ್ಲಿ ಹಿಂದೆ ಪರ್ ಎಂದು ಸದ್ದಾಯಿತು. ಹೊಸ ಪ್ಯಾಂಟಿನ ಆಸನ ಮುಳ್ಳಿಗೆ ಸಿಕ್ಕಿತ್ತು. ಸುರಪುರದ ಟೇಲರ್ ತನ್ನ ಕೈಯಾರೆ ಹೊಲಿದ ಪ್ಯಾಂಟು ಹರಿದುಕೊಂಡು ಅತ್ತೆಯ ಎದುರಿಗೆ ಮೊಣಕಾಲೂರಿದ್ದ. ರೇಣುಕಾ ನಗು ತಡೆಯಲು ತಂತಿಯನ್ನೇ ಬಿಟ್ಟಳು. ಅದು ಬಂದು ಬೆನ್ನಿಗೂ ಒಂದು ಗೆರೆ ಹಾಕಿತು.

ಅತ್ತೆ ನಗಲಿಲ್ಲ. ತಮ್ಮ ಹೆಗಲ ಮೇಲಿನ ಟವೆಲ್ಲು ಕೊಟ್ಟು, 'ಸುತಗೋರಿ ಅಳಿಯಂದ್ರ. ಆ ತಂತಿ ನಿಮ್ಮ ಪ್ಯಾಂಟ್ ಒಂದೇ ಹರದಿಲ್ಲ ಬಿಡ್ರಿ' ಎಂದರು.

ಟವೆಲ್ಲು ಸುತ್ತಿಕೊಂಡು ಎರಡನೆಯ ಎಲೆಗೆ ಕೂತೆ. ಅದೇ ರೊಟ್ಟಿ, ಅದೇ ಕಡುಬು, ಅದೇ ಭಜ್ಜಿ. ಸಣ್ಣ ಸೊಸೆ ಹೋಳಿಗೆಯ ಮೇಲೆ ತುಪ್ಪ ಸುರಿದಳು. ನಾಲ್ಕನೆಯ ಕಡುಬು ಗಂಟಲ ಕೆಳಗೆ ಇಳಿಯುವಾಗ ಬಿಕ್ಕಳಿಕೆ ಹತ್ತಿತು. ನೀರು ಕುಡಿದೆ. ಉಸಿರು ಹಿಡಿದೆ. ನಿಲ್ಲಲಿಲ್ಲ.

ಅಷ್ಟರಲ್ಲಿ ಭೀಮಣ್ಣನ ಸಹನೆ ಮುಗಿದಿತ್ತು. ಬುಟ್ಟಿ ತುಂಬ ಚರಗ ಕಲಸಿಕೊಂಡು, 'ಬರ್ರಿ ಮಾಮಾ, ಹೊತ್ತು ಹೊಂಟದ, ನಾನಂತೂ ಚೆಲ್ಲತೀನಿ. ನೀವು ತಂಬಿಗಿ ಹಿಡಕೊಂಡು ನನ್ನ ಹಿಂದ ಬರ್ರಿ' ಎಂದ. ಕೆಲಸ ಸರಳವಾಗಿತ್ತು. ಮುಂದಿನವನು 'ಹುಲ್ಲುಲ್ಲಿಗೋ' ಎಂದು ಕೂಗಿ ಒಂದು ಹಿಡಿ ಚರಗ ಚೆಲ್ಲಬೇಕು. ಹಿಂದಿನವನು 'ಚಲಾಂಬರಿಗೋ' ಎಂದು ಕೂಗಿ ಅದರ ಮೇಲೆ ನೀರು ಚಿಮುಕಿಸಬೇಕು. ಇದರ ಅರ್ಥ ಕೇಳಿದರೆ, 'ಅರ್ಥ ತಗೊಂಡು ಏನ್ಮಾಡ್ತೀರಿ, ಜೋರಾಗಿ ಒದರ್ರಿ' ಎಂದ ಭೀಮಣ್ಣ. ಇಷ್ಟು ವರ್ಷ ಅವನ ಹಿಂದೆ ತಂಬಿಗೆ ಹಿಡಿದು ಓಡುತ್ತಿದ್ದವನು ನಿಂಗಪ್ಪ.

ಮತ್ತೆ ತಂತಿಯ ಕೆಳಗೆ ನುಸುಳಿ ಜೋಳದ ಸಾಲಿಗೆ ಬಂದೆ. ಭೀಮಣ್ಣ ಎದೆ ತುಂಬ ಉಸಿರೆಳೆದುಕೊಂಡು ಕೂಗಿದ.

'ಹುಲ್ಲುಲ್ಲಿಗೋ...!'

'ಚಲಾ... ಹಿಕ್' ಎಂದೆ ನಾನು.

ಭೀಮಣ್ಣ ತಿರುಗಿ ನೋಡಿದ. ಪಕ್ಕದ ಹೊಲದ ಜನ ಉಣ್ಣುವುದನ್ನು ಬಿಟ್ಟು ನೋಡಿದರು. ಅರ್ಧ ಕೂಗಿಗೆ ಚರಗ ಚೆಲ್ಲಿದರೆ ಭೂಮಿತಾಯಿ ಉಣ್ಣುತ್ತಾಳೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಹಿಡಿಯಲ್ಲಿದ್ದದ್ದನ್ನು ಹಾಗೇ ಹಿಡಿದುಕೊಂಡು ಇನ್ನೊಮ್ಮೆ, ಇನ್ನೂ ಜೋರಾಗಿ ಕೂಗಿದ.

'ಹುಲ್ಲುಲ್ಲಿಗೋ...!'

ನಾನು ಬಾಯಿ ತೆರೆದೆ. ಹಿಕ್ ಎಂದದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ಆಗ ತಂತಿಯ ಆಚೆಯಿಂದ, ಮೆಣಸಿನ ಗಿಡಗಳ ನಡುವಿನಿಂದ, ಸುತ್ತಲಿನ ಹೊಲಕ್ಕೆಲ್ಲ ಕೇಳುವ ಹಾಗೆ ಬಂತು:

'ಚಲಾಂಬರಿಗೋ...!'

ನಿಂಗಪ್ಪ. ಕೂಗಿದ ಮೇಲೆ ತಾನೇ ಬೆಚ್ಚಿಬಿದ್ದ. ಬಾಯಿ ಇನ್ನೂ ತೆರೆದೇ ಇತ್ತು. ನಾವೆಲ್ಲ ಅವನನ್ನೇ ನೋಡುತ್ತಿದ್ದುದು ಕಂಡು ನನಗೆ ಹೇಳಿದ, 'ನಾ ನನ್ನ ಹೊಲಕ್ಕ ಒದರೀನಿ ಮಾಮಾ. ಮತ್ತ ಯಾರೇನು ತಿಳ್ಕೊಬ್ಯಾಡ್ರಿ.'

ಭೀಮಣ್ಣ ಹಿಡಿ ಚರಗವನ್ನು ಜೋಳದ ಮೇಲೆ ಚೆಲ್ಲಿದ. ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತ. ಈ ಸಲ ಕೂಗು ಸ್ವಲ್ಪ ಸಣ್ಣದಿತ್ತು, ಯಾರನ್ನೋ ಕೇಳಿದ ಹಾಗೆ.

'ಹುಲ್ಲುಲ್ಲಿಗೋ?'

ನಿಂಗಪ್ಪ ಮೆಣಸಿನ ಗಿಡ ನೋಡಿದ, ಆಕಾಶ ನೋಡಿದ, ತಾಯಿಯ ಕಡೆ ನೋಡಿದ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. 'ಚಲಾಂಬರಿಗೋ' ಎಂದ ನಿಂಗಪ್ಪ. ಆಮೇಲೆ ರೇಣುಕಾ ನನ್ನ ಕೈಯಿಂದ ಕಿತ್ತು ಕೊಟ್ಟ ತಂಬಿಗೆ ತೆಗೆದುಕೊಂಡು ತಂತಿಯ ಗುಂಟ ನಡೆದ. ಈಚೆ ಭೀಮಣ್ಣ, ಆಚೆ ಅವನು. ಅಣ್ಣ ಕೂಗಿ ಚೆಲ್ಲುತ್ತಿದ್ದ, ತಮ್ಮ ಉತ್ತರ ಕೊಟ್ಟು ತಂತಿಯ ಮೇಲಿಂದ ಈಚೆಗೆ ನೀರು ಚಿಮುಕಿಸುತ್ತಿದ್ದ. ಅದರಲ್ಲಿ ಅರ್ಧ ನನ್ನ ಮೇಲೆ ಬಿತ್ತು, ಬಿಕ್ಕಳಿಕೆ ನಿಂತಿತು. ಅರ್ಧ ಹೊಲ ದಾಟುವ ಹೊತ್ತಿಗೆ ಭೀಮಣ್ಣನ ಒಂದು ಹಿಡಿ ದಿಕ್ಕು ತಪ್ಪಿ ಮೆಣಸಿನ ಗಿಡಗಳ ಮೇಲೆ ಹೋಗಿ ಬಿತ್ತು.

'ಮಾಮಾ, ಅವಗ ಹೇಳ್ರಿ, ಕೈ ಜಾರ್ತು, ಸಿಟ್ಟಾಗಬ್ಯಾಡಂತ' ಎಂದ.

ನಾನು ತಿರುಗುವ ಮೊದಲೇ ಆಚೆಯಿಂದ ಉತ್ತರ ಬಂತು. 'ಬೀಳ್ಲಿ ಬಿಡಣ್ಣಾ. ಮೆಣಸಿನ ಗಿಡಕ್ಕೂ ಬಯಕಿ ಇರ್ತದ.'

ಅಣ್ಣಾ ಎಂದಿದ್ದ. ಭೀಮಣ್ಣ ಬುಟ್ಟಿಯೊಳಗೆ ಏನೋ ಹುಡುಕುವವನ ಹಾಗೆ ತಲೆ ತಗ್ಗಿಸಿಕೊಂಡ. ಅಲ್ಲಿಂದ ಮುಂದೆ ಅವನ ಕೈ ಹಿಡಿ ಬಿಟ್ಟು ಹಿಡಿಗೆ ಜಾರಿತು. ಈಚೆಗೊಂದು, ಆಚೆಗೊಂದು.

ಹೊಲದ ಕೊನೆಯಲ್ಲಿ ಕಾಲುವೆಯ ಏರಿ ಬರುತ್ತಿತ್ತು. ತಂತಿ ಅಲ್ಲಿಗೆ ಮುಗಿಯುತ್ತದೆ. ಇಬ್ಬರೂ ನಡೆದು ನಡೆದು ಅಲ್ಲಿ ಎದುರುಬದುರು ನಿಂತರು, ನಡುವೆ ಏನೂ ಇಲ್ಲ. ಈಗ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಭೀಮಣ್ಣ ಬುಟ್ಟಿಯನ್ನು ಮುಂದೆ ಹಿಡಿದ. ತಳದಲ್ಲಿ ಇನ್ನೊಂದು ಹಿಡಿ ಉಳಿದಿತ್ತು.

'ನೀ ಚೆಲ್ಲು' ಎಂದ.

ನಿಂಗಪ್ಪ ಚೆಲ್ಲಿದ. ಭೀಮಣ್ಣ ಅವನ ಕೈಯಿಂದ ತಂಬಿಗೆ ತೆಗೆದುಕೊಂಡು ನೀರು ಚಿಮುಕಿಸಿದ. ಅಷ್ಟೇ. ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ತಿರುಗಿ ಬರುವಾಗ ನಿಂಗಪ್ಪ ಜೋಳದ ಸಾಲಿನಲ್ಲೇ ಅಣ್ಣನ ಹಿಂದೆ ಬಂದ. ಕಡಲೆಯೊಳಗೆ ಉರುಳಿಬಿದ್ದಿದ್ದ ಗುಂಡು ಸಹದೇವನನ್ನು ಎತ್ತಿ, ಬುಡಕ್ಕೆ ಒಂದು ಹೆಂಟೆ ಕೊಟ್ಟು, ಉರುಳದ ಹಾಗೆ ನಿಲ್ಲಿಸಿದ.

ಅತ್ತೆ ಎದ್ದು ಬಂದು ಬನ್ನಿ ಗಿಡದ ನೆರಳಲ್ಲಿ ಕೂತರು. ಆ ಹೊತ್ತಿನಲ್ಲಿ ನೆರಳು ಯಾರ ಪಾಲಿನದು ಎಂದು ಯಾರೂ ಕೇಳಲಿಲ್ಲ. 'ರೇಣುಕಾ, ಆ ಗಂಟು ಬಿಚ್ಚವಾ' ಎಂದರು. ಗಂಟಿನಲ್ಲಿ ಸೀರೆಗಳಿರಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಸಜ್ಜೆ ರೊಟ್ಟಿಯ ಕಟ್ಟು, ಕಡುಬು, ಹೋಳಿಗೆ, ಒಂದು ದೊಡ್ಡ ಡಬ್ಬಿ ಭಜ್ಜಿ. ಎರಡೂ ಮನೆಯ ಒಲೆ ಬಿಟ್ಟು, ನೆರೆಮನೆಯ ಒಲೆಯ ಮುಂದೆ ಕೂತು ಮಾಡಿಕೊಂಡು ಬಂದಿದ್ದರು.

'ಮತ್ತ ಸುರಪುರಕ್ಕ ಬರ್ತೀನಂದಿದ್ದಿ, ಅರಿವಿ ಎಲ್ಲವ?' ಎಂದಳು ರೇಣುಕಾ.

'ನಿಮ್ಮ ಒಂದೂವರಿ ಕೋಣ್ಯಾಗ ನಾ ಎಲ್ಲಿ ಮಲಕೊಳ್ಳಲಿ? ಮಷೀನಿನ ಮ್ಯಾಲ?'

ನನ್ನ ಮುಖದಲ್ಲಿ ಏನು ಕಾಣಿಸಿತೋ, ಅತ್ತೆ ಮೊದಲ ಸಲ ಬಾಯಿ ತುಂಬ ನಕ್ಕರು. ಆಮೇಲೆ ಮೊದಲ ಎಲೆಯನ್ನು ನನ್ನ ಮುಂದೆಯೇ ಹಾಸಿದರು. 'ಅವರಿಬ್ಬರ ಕಡಿ ಉಂಡೀರಿ. ನನ್ನ ಕೈದು ಒಂದು ಕಡಬರ ತಿನ್ನಂಗಿಲ್ಲೇನು?' ಎಂದರು. ಇಲ್ಲ ಅನ್ನುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಮೂರನೆಯ ಊಟ ಉಂಡೆ. ಅಣ್ಣತಮ್ಮಂದಿರು ಅಕ್ಕಪಕ್ಕ ಕೂತು, ಒಂದೇ ಡಬ್ಬಿಯ ಭಜ್ಜಿಯನ್ನು ರೊಟ್ಟಿಯಲ್ಲಿ ಎತ್ತಿ ಎತ್ತಿ ತಿನ್ನುತ್ತಿದ್ದರು. ಯಾರ ಹೆಂಡತಿಯದು ರುಚಿ ಎಂಬ ಪ್ರಶ್ನೆಯೇ ಬರಲಿಲ್ಲ. ನಾನು ಬನ್ನಿ ಗಿಡಕ್ಕೆ ಒರಗಿಕೊಂಡವನು ಸಂಜೆಯವರೆಗೆ ಏಳಲಿಲ್ಲ. ಬಸ್ಸಿಗೆ ನನ್ನನ್ನು ಎತ್ತಿನ ಬಂಡಿಯಲ್ಲಿ ಮಲಗಿಸಿಕೊಂಡೇ ತಂದು ಬಿಟ್ಟರು. ಟ್ರ್ಯಾಕ್ಟರ್ ಬೇಡವೆಂದು ಸ್ವತಃ ನಿಂಗಪ್ಪನೇ ಹೇಳಿದ್ದ.

ಹೊಲ ಮತ್ತೆ ಒಂದಾಗಲಿಲ್ಲ. ಭೀಮಣ್ಣ ಜೋಳವನ್ನೇ ಬಿತ್ತುತ್ತಾನೆ, ನಿಂಗಪ್ಪ ಮೆಣಸಿನಕಾಯಿಯನ್ನೇ ಹಾಕುತ್ತಾನೆ. ನೀರು ಬಿಡುವ ದಿನ ಈಗಲೂ ಇಬ್ಬರ ದನಿ ಏರುತ್ತದೆ. ಆದರೆ ನೇರವಾಗಿಯೇ ಬೈದುಕೊಳ್ಳುತ್ತಾರೆ. ನಡುವೆ ನನ್ನಂಥವನ ಅಗತ್ಯ ಬಿದ್ದಿಲ್ಲ.

ಆ ಚಳಿಗಾಲದ ಕೊನೆಯಲ್ಲಿ, ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ದಿನಗಳಲ್ಲಿ, ನಿಂಗಪ್ಪ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದ. ಕಂಕುಳಲ್ಲಿ ನೀಲಿ ಗೀರಿನ ಒಳ್ಳೆಯ ಬಟ್ಟೆ.

'ಅಣ್ಣಗ ಒಂದು ಅಂಗಿ ಹೊಲೀರಿ ಮಾಮಾ. ನಾ ಕೊಟ್ಟೀನಂತ ಹೇಳಬ್ಯಾಡ್ರಿ.'

'ಅಳತಿ?'

'ನಂದೇ ತಗೋರಿ. ಇಬ್ಬರದೂ ಒಂದೇ.'

ಒಂದೇ ಆಗಿರಲಿಲ್ಲ. ಭೀಮಣ್ಣನ ಹೊಟ್ಟೆ ಬೆಳೆದು ಎಷ್ಟೋ ಕಾಲವಾಗಿತ್ತು. ಸುತ್ತಳತೆ ಸ್ವಲ್ಪ ಹೆಚ್ಚು ಬಿಡುತ್ತೇನೆ ಎಂದೆ. ನಿಂಗಪ್ಪನಿಗೆ ಅದು ಅವಮಾನ ಅನ್ನಿಸಿತು. 'ಏ ಬ್ಯಾಡ್ರಿ. ಅಣ್ಣ ತೆಳ್ಳಗ ಅದಾನ. ನನಗ ಗೊತ್ತಿಲ್ಲೇನು?' ಎಂದ. ಗಿರಾಕಿ ಹೇಳಿದ ಹಾಗೆ ಹೊಲಿದೆ.

ಭೀಮಣ್ಣನನ್ನು ಏನೋ ನೆಪ ಹೇಳಿ ಕರೆಸಿದೆ. ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತ. ಹೆಗಲು ಸರಿಯಾಗಿ ಕೂತಿತು, ತೋಳು ಸರಿ. ಹೊಟ್ಟೆಯ ಮೇಲಿನ ಗುಂಡಿ ಮಾತ್ರ ಹಾಕಿಕೊಳ್ಳಲು ಉಸಿರು ಒಳಗೆ ಎಳೆದುಕೊಳ್ಳಬೇಕಾಯಿತು.

'ಇದು ಯಾರ ಅಳತಿ ಮಾಮಾ?'

ಅವನು ಕನ್ನಡಿಯಲ್ಲಿ ತನ್ನನ್ನು ಬಹಳ ಹೊತ್ತು ನೋಡಿಕೊಂಡ. ನಾನು ಕತ್ತರಿ ತೆಗೆದುಕೊಂಡೆ. 'ತಗೀರಿ, ಬಗಲಾಗ ಬಟ್ಟಿ ಬಿಟ್ಟೀನಿ, ಈಗ ಸಡಲ ಮಾಡಿ ಕೊಡ್ತೀನಿ' ಎಂದೆ.

'ಬ್ಯಾಡ. ಇದಕ್ಕ ಕತ್ರಿ ಹಚ್ಚಬ್ಯಾಡ್ರಿ' ಎಂದ ಭೀಮಣ್ಣ. ಹಳೆಯ ಅಂಗಿಯನ್ನು ಚೀಲದಲ್ಲಿ ತುರುಕಿಕೊಂಡು, ಉಸಿರು ಬಿಗಿಹಿಡಿದುಕೊಂಡೇ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದ.